ಹಂಚು ಹೊತ್ತು ಸೇತುವೆ ದಾಟುವ ಮುಂಚೆ

ನವೆಂಬರ್ ಮೂವತ್ತೊಂದು
ಸೇತುವೆ ಕೂಡಿದ ಮೂವತ್ತೊಂದನೇ ವರ್ಷ, ನಿಮ್ಮ ಲೆಕ್ಕದಲ್ಲಿ 2161

ನನ್ನ ಅಜ್ಜಿಯ ಅಜ್ಜಿಗೆ,

ಆಯಿ, ನಿಮ್ಮ ಕ್ಯಾಲೆಂಡರಿನಲ್ಲಿ ಈ ತಾರೀಖು ಇಲ್ಲ, ಗೊತ್ತು. ಹೊಳೆಯ ಎರಡು ದಡಗಳ ನಡುವೆ ನಡೆದ ಯುದ್ಧ ನಿಂತ ದಿನ ಯಾವುದು ಅಂತ ಎರಡೂ ಕಡೆಯವರು ಬಡಿದಾಡಿಕೊಂಡರು. ಕೊನೆಗೆ ಯಾರದೂ ಅಲ್ಲದ ಒಂದು ದಿನ ಹುಟ್ಟಿಸಿದರು. ಇವತ್ತು ಮನೆಗೊಬ್ಬರು, ಯುದ್ಧಕ್ಕಿಂತ ಮುಂಚೆ ಬಾಳಿದ ತಮ್ಮ ಹಿರಿಯರೊಬ್ಬರಿಗೆ ಕಾಗದ ಬರೆದು ಹೊಳೆಗೆ ಬಿಡಬೇಕು. ಸರ್ಕಾರದ ಹುಕುಂ. ಹೊಳೆ ಹಿಂದಕ್ಕೆ ಹರಿಯುತ್ತದೇನು ಅಂತ ಕೇಳಿದೆ, ಬರಿ ಅಂತ ಕಾಗದ ಕೈಗಿಟ್ಟರು. ನಿನ್ನ ಹೆಸರೂ ನನಗೆ ಗೊತ್ತಿಲ್ಲ. ಊರ ದಫ್ತರ ಸುಟ್ಟಾಗ ಹೆಸರುಗಳೂ ಸುಟ್ಟವು. ನಾನು ಮಾಸ್ತರ ಮೇಲೆ ಸಿಟ್ಟಾಗಿ ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ.

ದೇಶ ಮತ್ತೆ ಕಟ್ಟಿದ್ದೇವೆ. ಚೆನ್ನಾಗಿಯೇ ಇದೆ. ಮಕ್ಕಳು ಆರು ತಿಂಗಳು ಈ ದಡದಲ್ಲಿ, ಆರು ತಿಂಗಳು ಆ ದಡದಲ್ಲಿ ಓದುತ್ತವೆ. ಅದಕ್ಕೆ ಅದಲುಸಾಲಿ ಅನ್ನುತ್ತೇವೆ. ಮೊದಮೊದಲು ತಾಯಂದಿರು ಸೇತುವೆ ಮೇಲೆ ನಿಂತು ಅಳುತ್ತಿದ್ದರು. ಈಗ ಮಕ್ಕಳು ಎರಡೂ ಕಡೆಯ ಬೈಗುಳ ಕಲಿತು ಬರುತ್ತವೆ, ನನಗೆ ಖುಷಿ. ಓಟು ಹಾಕಲು, ಸಭೆಯಲ್ಲಿ ಮಾತಾಡಲು, ಸ್ವಂತ ಹೆಸರಿನಲ್ಲಿ ಅಂಗಡಿ ಇಡಲು ಕೂಡುಪತ್ರ ಬೇಕು. ಅದರ ಮೇಲೆ ಎದುರು ದಡದವರೊಬ್ಬರು ‘ಇವರು ನಮ್ಮವರು’ ಅಂತ ಸಹಿ ಹಾಕಬೇಕು. ಅದು ಎದುರುಸಹಿ. ಯಾರನ್ನು ಕೊಂದೆವೋ ಅವರ ಕಡೆಯವರೇ ನಮಗೆ ಹಕ್ಕು ಕೊಡಲಿ ಅಂತ ಮಾಡಿದ ಕಾನೂನು. ಒಳ್ಳೇ ಕಾನೂನು.

ನನಗೆ ಕೂಡುಪತ್ರ ಇಲ್ಲ. ಮೂವತ್ತೊಂದು ವರ್ಷದಿಂದ ಓಟಿಲ್ಲದೆ ಕೂತಿದ್ದೇನೆ. ಕೂಡುಪತ್ರ ಕೊಡುವ ದಫ್ತರದ ಹೆಣ್ಣುಮಗಳು ಪ್ರತಿ ಸಲ ರೇಗುತ್ತಾಳೆ: “ಆಯಿ, ಆ ದಡದಾಗ ಎರಡು ಲಕ್ಷ ಮಂದಿ ಅದಾರ. ಯಾರದರೆ ಒಂದ ಸಹಿ ತಗೊಂಡ ಬಾ.”

“ಎರಡು ಲಕ್ಷ ಮಂದಿಗೆ ನಾ ಏನೂ ಮಾಡಿಲ್ಲವ್ವಾ. ಮಾಡಿದ್ದು ಒಬ್ಬಾಕಿಗೆ” ಅಂದು ಎದ್ದು ಬರುತ್ತೇನೆ.

ಆಕೆ ಫಕೀರವ್ವ. ಇಬ್ಬರೂ ಕೂಡಿ ಖಾನಾವಳಿ ನಡೆಸುತ್ತಿದ್ದೆವು. ನಾನು ರೊಟ್ಟಿ ಬಡಿಯುವುದು, ಆಕೆ ಬೇಯಿಸುವುದು. ಹನ್ನೊಂದು ವರ್ಷ, ತಲೆ ಎತ್ತಿ ನೋಡದೆಯೇ ನನ್ನ ಕೈಯಿಂದ ಆಕೆಯ ಕೈಗೆ ರೊಟ್ಟಿ ಹೋಗುತ್ತಿತ್ತು. ಆಕೆ ಹುಟ್ಟಿದ್ದು ಆ ದಡದಲ್ಲಿ ಅನ್ನುವುದು ಊರಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ಯುದ್ಧ ಶುರುವಾದ ತಿಂಗಳು, ಒಂದು ಮಧ್ಯಾಹ್ನ, ಉಣ್ಣುವವರೆಲ್ಲರ ಎದುರಿಗೆ “ಇವತ್ತಿನ ರೊಟ್ಟಿ ಎಮ್ಮಿಗೆ ಹಾಕ್ರಿ, ಅಷ್ಟು ದಪ್ಪ ಬಡದಾಳ” ಅಂದಳು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಅದೇ ಹೊತ್ತಿಗೆ ಯಾದಿ ಹಿಡಿದ ಇಬ್ಬರು ಬಾಗಿಲಲ್ಲಿ ನಿಂತು, ಆ ದಡದವರು ಯಾರಾದರೂ ಇದ್ದಾರಾ ಅಂತ ಕೇಳಿದರು. ನಾನು ಹಿಟ್ಟಿನ ಕೈ ಎತ್ತಿ ತೋರಿಸಿದೆ. ಅಷ್ಟೇ. ಆಕೆ ಎದ್ದು, ಹಂಚಿನ ಮೇಲಿದ್ದ ರೊಟ್ಟಿಯನ್ನು ಹೊತ್ತದ ಹಾಗೆ ತಿರುವಿ ಹಾಕಿ, ಹೊರಗೆ ಹೋದಳು. ಆಕೆಯನ್ನೂ ಆಕೆಯ ಗಂಡನನ್ನೂ ಲಾರಿಗೆ ಹತ್ತಿಸಿ ಹೊಳೆ ದಾಟಿಸಿದರು. ಗಂಡ ದಾರಿಯಲ್ಲೇ ತೀರಿಕೊಂಡ ಅಂತ ಆಮೇಲೆ ಗೊತ್ತಾಯಿತು.

ಖಾನಾವಳಿ ಈಗಲೂ ಇದೆ, ಸೊಸೆಯ ಹೆಸರಿನಲ್ಲಿ. ಬೇಯಿಸಲು ಯಂತ್ರ ಬಂದಿದೆ. ಒಂದೇ ಹದ, ಒಂದೂ ಹೊತ್ತುವುದಿಲ್ಲ, ರುಚಿಯೂ ಇಲ್ಲ. ನಾನು ಮಾತ್ರ ದಿನಾ ಒಂದು ರೊಟ್ಟಿ ಬಡಿದು ಎಡಕ್ಕೆ ಕೈ ಚಾಚುತ್ತೇನೆ. ತೆಗೆದುಕೊಳ್ಳುವವರಿಲ್ಲ. ಗೊತ್ತಿದ್ದೂ ಚಾಚುತ್ತೇನೆ.

ಸೇತುವೆ ಕೂಡಿದಾಗಿನಿಂದ ವರ್ಷಕ್ಕೊಮ್ಮೆ, ಸಹಿ ಬೀಳದ ನನ್ನ ಕೂಡುಪತ್ರವನ್ನು ಆಕೆಗೆ ಟಪಾಲಿನಲ್ಲಿ ಕಳಿಸುತ್ತಾ ಬಂದೆ. ತಪ್ಪಾಯಿತು ಅಂತ ಒಂದು ಸಾಲೂ ಬರೆಯಲಿಲ್ಲ. ಬರೆಯಲು ಕೈ ಬರಲಿಲ್ಲ. ಪ್ರತಿ ವರ್ಷ ಖಾಲಿಯಾಗಿಯೇ ವಾಪಸು ಬಂತು. ಮೊನ್ನೆ ಬಂದದ್ದರಲ್ಲಿ, ಸಹಿಯ ಜಾಗದಲ್ಲಿ, ಆಕೆಯದೇ ಅಕ್ಷರ: “ಬರೇ ಕಾಗದಾ ಕಳಸ್ತೀ, ಕಾಲಿಲ್ಲೇನ ನಿನಗ? ಸೊಕ್ಕಿನಾಕಿ. ಸಾಯೂದ್ರಾಗ ಬಾ. ಮೊದಲ ಬೈಸ್ಕೋ. ಸಹಿ ಆಮ್ಯಾಲೆ ನೋಡೂಣು.”

ನಾಳೆ ಹೋಗುತ್ತೇನೆ. ಸೊಸೆ ಗಾಡಿ ಮಾಡಿಕೊಡುತ್ತೇನೆ ಅಂದಳು. ಬೇಡ ಅಂದೆ, ಮೊಣಕಾಲು ನೋಯಲಿ. ಹಳೇ ಹಂಚು ಹೊತ್ತುಕೊಂಡು ಹೋಗುತ್ತೇನೆ, ಅದು ಆಕೆಯದೇ. ಬಾಗಿಲು ತೆರೆಯದಿದ್ದರೆ ಹೊಸ್ತಿಲಲ್ಲೇ ಕೂರುತ್ತೇನೆ. ಓಟು ಬೇಕು ನನಗೆ, ಸಾಯುವ ಮುಂಚೆ ಒಮ್ಮೆಯಾದರೂ ಹಾಕಬೇಕು. ಆದರೆ ಆಕೆ ‘ಇವಳು ನಮ್ಮವಳು’ ಅಂದರೆ ಮಾತ್ರ ನಾನು ಈ ದೇಶದವಳು.

ನಿನಗೊಂದು ಕೆಲಸ ಹೇಳುತ್ತೇನೆ. ನಿನ್ನ ಕಾಲದಲ್ಲೂ ಯಾರಾದರೂ ಯಾದಿ ಹಿಡಿದು ಬಂದು, ನಿನ್ನ ಪಕ್ಕ ಕೂತವಳು ಯಾವ ಕಡೆಯವಳು ಅಂತ ಕೇಳಬಹುದು. ಅವಳ ಮೇಲೆ ಎಷ್ಟೇ ಸಿಟ್ಟಿರಲಿ, ಕೈ ಹಿಟ್ಟಿನಲ್ಲೇ ಇರಲಿ. ಎತ್ತಬೇಡ. ಇದನ್ನು ನಿನ್ನ ಮಗಳಿಗೆ ಕಲಿಸು. ಅವಳು ತನ್ನ ಮಗಳಿಗೆ ಕಲಿಸಲಿ. ಹೀಗೇ ಬಂದು, ಆ ಮಧ್ಯಾಹ್ನದೊಳಗೆ ನನ್ನನ್ನು ಮುಟ್ಟಲಿ.

ನಿನ್ನ ಮೊಮ್ಮಗಳ ಮೊಮ್ಮಗಳು,
ನೀಲಗಂಗವ್ವ