ದಮ್ಮಡಿ ಮಾತ್ರ ಉಳಿಯುವ ಜಾಗ

14 ಜೂನ್ 1987, ಭಾನುವಾರ

‘ಹೊತ್ತಿಗೆ ಬಂದವ ಹೊಸ್ತಿಲಾಗ ನಿಂತಾನ...’

ಮುಂದೇನು? ಬೆಳಿಗ್ಗೆಯಿಂದ ಹುಡುಕುತ್ತಿದ್ದೇನೆ. ಅನ್ನಕ್ಕಿಟ್ಟು ಹುಡುಕಿದೆ, ಬಟ್ಟೆ ಒಗೆಯುತ್ತ ಹುಡುಕಿದೆ. ಅರ್ಧ ಸಾಲು ಬರುತ್ತದೆ, ಉಳಿದರ್ಧ ಬರುವುದಿಲ್ಲ. ಎಂ.ಎ. ಓದುವಾಗ ರಗಳೆಗಳನ್ನೇ ಬಾಯಿಪಾಠ ಮಾಡಿದವಳು ನಾನು. ನಲವತ್ತೇಳಕ್ಕೇ ಮರೆವೇ? ಅಥವಾ ನಿಂತವನು ಯಾರೆಂದು ಹಾಡಿದವರೇ ಹೇಳಲಿಲ್ಲವೇ?

ಉರುಕುಂದಪ್ಪನವರ ಹೊಸ ಕ್ಯಾಸೆಟ್ಟು. ನಿನ್ನೆ ಶಾಲೆ ಬಿಟ್ಟ ಮೇಲೆ ತೀನ್ ಕಂದೀಲ್ ಚೌಕದ ಹತ್ತಿರದ ಮೆಹಬೂಬ್ ಪಾಷಾನ ಅಂಗಡಿಯಿಂದ ತಂದದ್ದು. ರೆಕಾರ್ಡ್ ಮಾಡಿದವನೂ ಅವನೇ.

ದೇವದುರ್ಗದ ಈ ಮುದುಕರ ತತ್ವಪದ ಕೇಳಿಯೇ ನಾನು ಕವಿತೆಯ ಕಡೆ ಬಂದದ್ದು. ಕಲ್ಲೂರಿನಲ್ಲಿ ಅವ್ವನ ಸೆರಗು ಹಿಡಿದು ಭಜನೆಗೆ ಹೋಗುತ್ತಿದ್ದೆ. ಉರುಕುಂದಪ್ಪನವರು ಪದ ಎತ್ತಿದರೆ, ಹೊಲದಲ್ಲಿ ದುಡಿದು ಬಂದ ಮಂದಿ ಹಿಡಿಯುತ್ತಿದ್ದರು. ಆಗಿನ ಅವರ ದನಿ! ಮೇಲಕ್ಕೆ ಹೋಗಿ ಅಲ್ಲೇ ಕೂತುಬಿಡುತ್ತಿತ್ತು.

ಈಗಿನದು ಹಾಗಿಲ್ಲ. ಹಾಡುವುದೇ ಇಲ್ಲ. ಮಾತಾಡುತ್ತಾರೆ — ಅಂಗೈಯಿಂದ ಬಡಿಯುವ ದಮ್ಮಡಿಯ ತಾಳಕ್ಕೆ ಸರಿಯಾಗಿ, ಸರಸರ, ಉಸಿರು ಬಿಡದೆ. ಹಿಮ್ಮೇಳವಿಲ್ಲ, ಹಾರ್ಮೋನಿಯಂ ಪೇಟಿಯಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ನಿಲ್ಲುತ್ತಾರೆ. ದಮ್ಮಡಿ ಮಾತ್ರ. ಮತ್ತೆ ಶುರು.

ಇಷ್ಟವಾಯಿತೇ? ಗೊತ್ತಿಲ್ಲ. ಮತ್ತೆ ಹಾಕಿದೆ. ಗೋಡೆ ಟಕ್ ಟಕ್ ಅಂದಿತು. ಪಕ್ಕದ ಮನೆಯ ಕುಬ್ರಾ ಬೇಗಂ. ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಕೂಸು ಮಲಗಿರಬೇಕು. ಸೌಂಡ್ ಕಡಿಮೆ ಮಾಡಿದೆ. ಆ ಸಾಲಿನ ಉಳಿದರ್ಧ ಈ ಸಲವೂ ಕಿವಿಗೆ ಬೀಳಲಿಲ್ಲ.

17 ಜೂನ್, ಬುಧವಾರ

ಪಾಷಾನ ಅಂಗಡಿಯಲ್ಲಿ ಜಗಳವೋ ಜಗಳ. ಕ್ಯಾಸೆಟ್ ಕೊಳ್ಳಲು ಬಂದವರು ಹಿಂದೆ ನಿಂತು ಕಾಯಬೇಕಾಯಿತು.

ಮಾನ್ವಿಯ ಹನುಮಂತ್ರಾಯ ಬಂದಿದ್ದರು. ಉರುಕುಂದಪ್ಪನವರ ಅಭಿಮಾನಿ ಬಳಗ ಕಟ್ಟಿದವರು ಅವರೇ. ಹತ್ತಿ ಮಿಲ್ಲಿನ ಕೆಲಸ ಬಿಟ್ಟು ಬಿಟ್ಟು ಹೋಗಿ ವರ್ಷಗಟ್ಟಲೆ ಹಿಮ್ಮೇಳದಲ್ಲಿ ನಿಂತವರು. ನನ್ನನ್ನು ಕಂಡದ್ದೇ ಶುರು.

“ನೀವೇ ಹೇಳ್ರಿ ಅಕ್ಕೋರೆ, ಇದು ಹಾಡೇನು? ಬಸ್‌ಸ್ಟ್ಯಾಂಡಿನ್ಯಾಗ ಕಂಡಕ್ಟರ್ ಊರ ಹೆಸರು ಕೂಗಿದಂಗ ಅದ! ಗಬ್ಬೂರು ಗಬ್ಬೂರು ಗಬ್ಬೂರು, ದೇವದುರ್ಗ ದೇವದುರ್ಗ...”

ಪಾಷಾ ಬಿದ್ದು ಬಿದ್ದು ನಕ್ಕ. “ಸಾಹೇಬ್ರ, ಮಾಲು ತರಾಕ ಬಂಬಯಿಗೆ ಹೋದಾಗ ಕೇಳಿ ಬಂದೀನಿ. ಅಮೆರಿಕಾದಾಗ ಈಗ ಹಿಂಗ ಹಾಡ್ತಾರಂತ. ಮಾತೇ ಹಾಡು. ರ್‍ಯಾಪ್ ಅಂತಾರಂತ.”

“ರ್‍ಯಾಪೋ ಗೀಪೋ. ನಮ್ಮ ಮುದುಕ ಯಾವಾಗ ಅಮೆರಿಕಾಕ್ಕ ಹೋಗಿದ್ದನಪಾ?”

“ಹೋಗಿಲ್ಲಲ್ಲ, ಅದೇ ಮಜಾ!”

ಬಳಗದವನೇ ಆದ ಅಕ್ಕಿ ಗಿರಣಿಯ ಗುಮಾಸ್ತ ಮೌನಪ್ಪ ಮೆತ್ತಗೆ ಅಂದ: “ಬೈಬ್ಯಾಡ್ರಿ ಪಾಪ. ವಯಸ್ಸಾತು. ನಡುನಡುವ ಮರತಾರ. ಅರ್ಧಕ್ಕ ನಿಂದ್ರತಾರ, ಕೇಳ್ರಿ ಬೇಕಾದ್ರ.”

ಬೈಗುಳಕ್ಕಿಂತ ಆ ‘ಪಾಪ’ವೇ ಜಾಸ್ತಿ ಚುಚ್ಚಿತು.

ಅಂದರೆ ಆ ಅರ್ಧ ಸಾಲು ನಾನು ಮರೆತದ್ದಲ್ಲ. ಅದು ಇರುವುದೇ ಅರ್ಧ.

28 ಜೂನ್, ಭಾನುವಾರ

ಮಾನ್ವಿಗೆ ಹೋಗಿ ಬಂದೆ. ಹನುಮಂತ್ರಾಯರ ಮನೆಯಲ್ಲಿ ಬಳಗದ ಸಭೆ. ಶ್ರಾವಣದ ಮೂರನೇ ಸೋಮವಾರ ಮಾನ್ವಿಯಲ್ಲಿ ಉರುಕುಂದಪ್ಪನವರ ಕಾರ್ಯಕ್ರಮ — ಪ್ರತಿ ವರ್ಷದ ಪದ್ಧತಿ. ಈ ಸಲ ಕರೆಯಬೇಕೋ ಬೇಡವೋ?

ಟೇಪ್ ರೆಕಾರ್ಡರ್ ನಡುವೆ ಇಟ್ಟು ಕೇಳಿದರು. ಕೆಮ್ಮಿದವನನ್ನೂ ಹನುಮಂತ್ರಾಯ ಗದರಿಸಿದರು. ಪರೀಕ್ಷೆ ಹಾಲ್ ಇದ್ದಂತಿತ್ತು.

ಹೋದ ವರ್ಷ ಗಂಟಲಿನ ಆಪರೇಷನ್ ಆದ ಮೇಲೆ ಅವರಿಗೆ ಮೇಲಿನ ಸ್ವರ ಇಲ್ಲ. ಎಲ್ಲರಿಗೂ ಗೊತ್ತು. ಆದರೂ —

“ಹಳೇವು ಹಾಡಿದ್ರ ಬರಲಿ. ಇಂಥದ್ದು ಹಾಡೋದಾದ್ರ ಬ್ಯಾಡ. ಕಂಡಂಗ ನಗೋರ ಮುಂದ ನಮ್ಮ ಮುದುಕನ್ನ ನಿಂದರಸಾಕ ನನ್ನ ಕೈಲೆ ಆಗಲ್ಲ.” ಇದನ್ನು ಹೇಳುವಾಗ ಹನುಮಂತ್ರಾಯರ ಕಣ್ಣು ಕೆಂಪಾಗಿತ್ತು.

ಹೇಳಿ ಬರುವವರು ಯಾರು? ನಾನಂತೆ. “ನೀವು ಓದಿದೋರು, ನಾಜೂಕಾಗಿ ಹೇಳ್ತೀರಿ.” ಓದಿದ್ದು ಇದಕ್ಕಾಗಿಯೇ?

ಹೊರಡುವಾಗ ಹನುಮಂತ್ರಾಯ ಬಾಗಿಲವರೆಗೆ ಬಂದರು. ಬೇರೆ ಯಾರಿಗೂ ಕೇಳದಂತೆ: “ರೆಕಾರ್ಡಿಂಗಿಗೆ ನನ್ನನ್ನ ಕರೀಲಿಲ್ಲ ನೋಡ್ರಿ, ಅಕ್ಕೋರೆ. ಒಂದು ಮಾತೂ ಹೇಳಲಿಲ್ಲ.”

ಬಸ್ಸಿನಲ್ಲಿ ಕಲ್ಲೂರು ದಾಟುವವರೆಗೆ ಕಿವಿಯಲ್ಲಿ ಆ ಮಾತೇ.

5 ಜುಲೈ, ಭಾನುವಾರ, ಸಂಜೆ 5

ದೇವದುರ್ಗದಿಂದ ಈಗ ಬಂದೆ. ಚಪ್ಪಲಿ ಬಿಟ್ಟು ನೇರ ಬರೆಯಲು ಕೂತಿದ್ದೇನೆ.

ಉರುಕುಂದಪ್ಪನವರು ಮನೆ ಕಟ್ಟೆಯ ಮೇಲೆ ಕೂತಿದ್ದರು. ಕುತ್ತಿಗೆಗೆ ಟವೆಲ್. ಅವರ ಹೆಂಡತಿ ಯಮನಮ್ಮ ಮಂಡಾಳ ಒಗ್ಗರಣಿ ತಂದಿಟ್ಟು, “ತಿನ್ರಿ, ಆಮ್ಯಾಲ ಜಗಳಾಡ್ರಿ” ಅಂದರು. ಸುದ್ದಿ ಮೊದಲೇ ಮುಟ್ಟಿತ್ತು.

“ಏನಂತಾರ ಮಂದಿ?” ದನಿ ಉಸುಕಿನ ಮೇಲೆ ಕಾಲಿಟ್ಟ ಹಾಗೆ.

“ಮಾತಿನಂಗ ಅದ ಅಂತಾರ, ಯಪ್ಪಾ.”

“ಮಾತೇ ಅದ. ಸ್ವರ ಹೋತು, ಮಾತು ಉಳೀತು. ಇದ್ದದ್ದರಾಗ ಬಾಳೇ ಮಾಡಬೇಕಲ್ಲ, ಯವ್ವಾ.” ನಕ್ಕರು. “ಮತ್ತ?”

ನಾಜೂಕಾಗಿ ಹೇಳಲು ಹೋದೆ. ಬರಲಿಲ್ಲ. “ನಡುವ ಮರತಾರ ಅಂತಾರ.”

“ಮರತೆ? ಎಲ್ಲಿ?”

ಹೊಸ್ತಿಲಿನ ಸಾಲು ಹೇಳಿ ನಿಲ್ಲಿಸಿದೆ. ಅವರು ನನ್ನ ಮುಖವನ್ನೇ ನೋಡುತ್ತ ಕಾದರು. ತೊಡೆಯ ಮೇಲೆ ಬೆರಳು ಮಾತ್ರ ತಾಳ ಹಾಕುತ್ತಿತ್ತು. ಕಾದರು, ಕಾದರು.

“ನೀ ಅಲ್ಲಿ ಏನಂದಿ?”

“ಏನೂ ಅನಲಿಲ್ಲ.”

“ಬಾಯಿ ಮುಚ್ಚಿಗೊಂಡು ಪದಾ ಕೇಳಿದೇನು?” ಬೈಗುಳವಲ್ಲ. ನಿಜವಾಗಿ ಆಶ್ಚರ್ಯ. ಊಟಕ್ಕೆ ಕೂತು ಉಂಡಿಲ್ಲವೇ ಎಂದು ಕೇಳಿದ ಹಾಗೆ.

ಆಗ ಹೊಳೆಯಿತು. ಕಲ್ಲೂರಿನ ಭಜನೆ. ಹೊಸ ಪದವಾದರೆ ಅವರು ಅರ್ಧವೇ ಎತ್ತುತ್ತಿದ್ದರು. ಉಳಿದರ್ಧ ಮಂದಿಯದು — ಯಾರಿಗೆ ಏನು ತೋಚುತ್ತದೋ ಅದು. ಅವ್ವ ಒಮ್ಮೆ ಹೇಳಿದ್ದು ಎಲ್ಲರಿಗೂ ಹಿಡಿಸಿ, ಆ ಪದದಲ್ಲೇ ಉಳಿದುಬಿಟ್ಟಿತ್ತು. ಆಮೇಲೆ ಮೈಕು ಬಂತು, ಸ್ಟೇಜು ಬಂತು, ಹಿಮ್ಮೇಳಕ್ಕೇ ಬೇರೆ ಮೈಕು. ನಾವು ಕೆಳಗೆ ಕೂತು ಚಪ್ಪಾಳೆ ತಟ್ಟುವವರಾದೆವು. ನಾನೂ ಮರೆತೆ.

“ಪಾಷಾನ ಅಂಗಡಿ ಹಿಂದಿನ ಖೋಲಿ ಸಣ್ಣದು. ನಾನೊಬ್ಬ, ದಮ್ಮಡಿಯಂವ ಒಬ್ಬ, ಅಷ್ಟೇ ಹಿಡಿಸ್ತಿದ್ವಿ. ಹಿಮ್ಮೇಳ ಯಾಕ, ಕೇಳೋರೇ ಅಂತಾರ ಅಂದ್ನಿ. ಅದಕ್ಕ ಜಾಗ ಬಿಟ್ಟೆ.” ನನ್ನ ಕಡೆ ತಿರುಗಿದರು. “ಯಾರೂ ಅನಲಿಲ್ಲೇನು? ಒಬ್ಬರೂ?”

ಇಲ್ಲವೆಂದು ತಲೆಯಾಡಿಸಿದೆ.

“ತಪ್ಪು ನಂದೇ ಬಿಡು. ಡಬ್ಬಿ ಮುಂದ ಮಂದಿ ಬಾಯಿ ತೆರೀತಾರ ಅಂದ್ಕೊಂಡೆ. ಅರ್ಧ ಹಾಡಿ, ಉಳಿದರ್ಧಕ್ಕ ಯಾರೂ ಇಲ್ಲಂದ್ರ ಅದು ಗೋಡಿ ಜೋಡಿ ಮಾತಾಡಿದಂಗ.”

ಎದ್ದು ಒಳಗೆ ಹೋದರು. ಏಕತಾರಿಯನ್ನು ಗೂಟಕ್ಕೆ ಹಾಕಿದ್ದು ಕಟ್ಟೆಯಿಂದಲೇ ಕಾಣಿಸಿತು. ಹಾಗೆ ಗೂಟಕ್ಕೆ ಹಾಕಿದವರು ಮತ್ತೆ ಇಳಿಸುವುದಿಲ್ಲ ಅನ್ನುವುದು ನಮ್ಮ ಕಡೆಯ ರೂಢಿ. ಯಮನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ನಾನು ಹೇಳಲು ಹೋದದ್ದೇ ಅದು ತಾನೆ? ಕೆಲಸ ಆಯಿತು.

19 ಜುಲೈ, ಭಾನುವಾರ

ಎರಡು ವಾರ ಬರೆಯಲಿಲ್ಲ. ಬರೆಯಬೇಕೆನಿಸಲಿಲ್ಲ. ಪುಸ್ತಕ ತೆರೆದರೆ ಪ್ರತಿ ಕವಿತೆಯಲ್ಲೂ ಖಾಲಿ ಜಾಗವೇ ಕಾಣುತ್ತಿತ್ತು. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡೇ ಓದಿದೆನೇ?

ಇವತ್ತು ಮಾನ್ವಿಗೆ ಹೋದೆ. ಬಳಗದವರನ್ನು ಮತ್ತೆ ಕೂಡಿಸಿದೆ. ನಡೆದದ್ದು ಹೇಳಿದೆ. ಏಕತಾರಿಯ ವಿಷಯಕ್ಕೆ ಬಂದಾಗ ಹನುಮಂತ್ರಾಯ ತಲೆ ತಗ್ಗಿಸಿದರು. ಟೇಪ್ ಹಾಕಿದೆ.

‘ಹೊತ್ತಿಗೆ ಬಂದವ ಹೊಸ್ತಿಲಾಗ ನಿಂತಾನ...’

ದಮ್ಮಡಿ. ಯಾರೂ ಬಾಯಿ ಬಿಡಲಿಲ್ಲ. ದೊಡ್ಡ ಗಂಡಸರು ಡಬ್ಬಿಯ ಮುಂದೆ ನಾಚಿ ಕೂತಿದ್ದರು. ರಿವೈಂಡ್ ಮಾಡಿದೆ. ಮತ್ತೆ. ಎರಡನೇ ಸಲ ಹನುಮಂತ್ರಾಯರ ಕೈ ತಾನಾಗಿ ತೊಡೆ ಮುಟ್ಟಿತು. ಆಮೇಲೆ ಆ ಹಳೆಯ ದನಿ ಬಂತು:

“...ನೀರು ಕೊಟ್ಟು ಊರು ಕೇಳವ್ವ!”

ಉರುಕುಂದಪ್ಪನವರ ಮುಂದಿನ ಮಾತು ಸರಿಯಾಗಿ ಅದರ ಬೆನ್ನಿಗೇ ಬಂದು ಕೂತಿತು. ಅಷ್ಟೇ ಜಾಗ ಬಿಟ್ಟಿದ್ದರು.

ಆಮೇಲೆ ಬೇರೆಯದೇ ಜಗಳ.

“ಊರು ಯಾಕ ಕೇಳತಿ? ಮೊದಲು ಕುಂದ್ರಸು,” ಅಂದ ಮೌನಪ್ಪ.

“ಬಂದವ ಬಾಕಿ ಕೇಳೋ ಸಾಲಗಾರ ಇದ್ರ?”

“ಲೇ, ತತ್ವಪದದಾಗ ಸಾಲಗಾರ ಎಲ್ಲಿಂದ ಬಂದನಲೇ!”

“ಯಾಕ, ಅವನಿಗೆ ತತ್ವ ಇರಲ್ಲೇನು?”

ಇದು ಹಾಡೋ ಅಲ್ಲವೋ ಎಂದು ಯಾರೂ ಕೇಳಲಿಲ್ಲ. ಒಬ್ಬರು ಮಾತ್ರ ಕೊನೆಯವರೆಗೂ, “ನನಗಂತೂ ಹಳೇದೇ ಚಂದ” ಅಂದರು. ಅನ್ನಲಿ. ಕಾರ್ಯಕ್ರಮ ಇಡುವುದೆಂದಾಯಿತು. ಕರೆಯಲು ಪಾಷಾ ಹೋಗುತ್ತಾನೆ.

26 ಜುಲೈ, ಭಾನುವಾರ

ಪಾಷಾ ದೇವದುರ್ಗದಿಂದ ನೇರ ನಮ್ಮ ಮನೆಗೇ ಬಂದ. ಮುಖ ಸಪ್ಪಗೆ.

“ಎಲ್ಲಾ ಹೇಳ್ದೆ ಅಕ್ಕೋರೆ. ಖುಷಿ ಆದ್ರು. ಹನುಮಂತ್ರಾಯ ಏನಂದ ಅಂತ ಎರಡು ಸಲ ಕೇಳಿದ್ರು. ಆಮ್ಯಾಲ ಏನಂದ್ರು ಗೊತ್ತೇನು — ‘ಅಕ್ಕೋರು ಹೇಳಿಸ್ಯಾರ, ಅವರು ಹೇಳ್ಯಾರ. ಅದು ಸಾಲಿ ಪಾಠ. ಯಾರೂ ಹೇಳದಂಗ, ತಮ್ಮಷ್ಟಕ್ಕ ತಾವು ಒಬ್ಬರಾದ್ರೂ ಅಂದಿದ್ರ ಬಂದು ಹೇಳು. ಏಕತಾರಿ ಇಳಸ್ತೀನಿ. ಇಲ್ಲಂದ್ರ ನನ್ನ ಕಾಲ ಮುಗೀತು.’”

ಹಟವಲ್ಲ ಇದು. ಗೊತ್ತು ನನಗೆ. ಜಾಗ ಬಿಟ್ಟದ್ದು ಸರಿಯೋ ತಪ್ಪೋ, ಅಷ್ಟು ತಿಳಿಯಬೇಕು ಅವರಿಗೆ.

“ನಾನ ಅಂದೆ ಅಂತ ಸುಳ್ಳು ಹೇಳಿಬಿಡ್ಲೇನು?”

“ಏನಂದಿ ಅಂತ ಕೇಳಿದ್ರ?”

“ಹೌದಲ್ಲ... ಬೆವರು ಬರ್ತದ.”

30 ಜುಲೈ, ಗುರುವಾರ

ಕೇಳಿದ್ದೂ ಕೇಳಿದ್ದೇ. ಕ್ಯಾಸೆಟ್ ಕೊಂಡವರನ್ನೆಲ್ಲ ಪಾಷಾ ಹುಡುಕಿ ಹುಡುಕಿ ವಿಚಾರಿಸುತ್ತಿದ್ದಾನೆ. ದೇವಸುಗೂರಿನಲ್ಲಿ ಒಬ್ಬ ‘ಅಂದೆ’ ಎಂದನಂತೆ. ಅಂದದ್ದು ಹೆಂಡತಿಗೆ, ಟೇಪ್ ಬಂದ್ ಮಾಡು ಅಂತ. ಮಾನ್ವಿಯಿಂದ ಹನುಮಂತ್ರಾಯರ ಸುದ್ದಿ: ಅಲ್ಲೂ ಯಾರೂ ಇಲ್ಲ, ಸುಳ್ಳು ಮಾತ್ರ ಬೇಡ.

ಕಾರ್ಯಕ್ರಮದ ಸೋಮವಾರ ಹತ್ತನೇ ತಾರೀಖು. ಹತ್ತಿರ ಬಂತು.

ಆ ಖಾಲಿ ಜಾಗದಲ್ಲಿ ಏನು ಅನ್ನಬೇಕು ಎಂದು ನನಗೇ ಇನ್ನೂ ತೋಚಿಲ್ಲ. ನೀರು ಕೊಡಲೇ? ಹೆಸರು ಕೇಳಲೇ? ನನ್ನ ಹೊಸ್ತಿಲಿಗೆ ಹಾಗೆ ಗುರುತಿಲ್ಲದವರು ಬಂದು ಎಷ್ಟು ವರ್ಷವಾಯಿತು. ಬಂದರೂ ಮೊದಲು ಕಿಟಕಿಯಿಂದ ನೋಡುತ್ತೇನೆ.

2 ಆಗಸ್ಟ್, ಭಾನುವಾರ, ಸಂಜೆ 6

ಇವತ್ತು ಪೂರ್ತಿ ದನಿಯಲ್ಲಿ ಹಾಕಿದೆ. ನಾನಾದರೂ ಅನ್ನೋಣ, ಬಂದದ್ದು ಬರಲಿ ಎಂದುಕೊಂಡು. ಸಾಲು ಬಂತು. ಬಾಯಿ ತೆರೆದೆ... ಗೋಡೆ ಟಕ್ ಟಕ್. ಕುಬ್ರಾ ಬೇಗಂ. ಅಯ್ಯೋ, ಕೂಸು. ಕೈ ತಾನಾಗಿ ಹೋಗಿ ಸೌಂಡ್ ಇಳಿಸಿತು. ನನ್ನ ಮಾತು ಅಲ್ಲೇ ಉಳಿಯಿತು.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದರು. ಬೈಸಿಕೊಳ್ಳುವುದಕ್ಕೆ ತಯಾರಾಗಿಯೇ ತೆರೆದೆ. ಕುಬ್ರಾ ಬೇಗಂ. ಹೆಗಲ ಮೇಲೆ ಮೊಮ್ಮಗು — ಎಚ್ಚರವಾಗಿಯೇ ಇದೆ, ಕಣ್ಣು ಪಿಳಿಪಿಳಿ.

“ಅಕ್ಕೋರೆ, ನಾ ಗೋಡಿಗೆ ತಾಳ ಹಾಕಾಕ ಶುರು ಮಾಡಿದ ಕೂಡ್ಲೆ ಹರ ಸಲ ಸೌಂಡ್ ಯಾಕ ಕಮ್ಮಿ ಮಾಡ್ತೀರಿ? ಮೊದಲನೇ ದಿನದಿಂದ ನೋಡಾಕತ್ತೀನಿ. ಪಾಪ, ಆ ಮುದುಕ ಹೊಸ್ತಿಲಾಗ ನಿಂತಾನ ಅಂತಾನ, ನಾ ಆಕಡಿಂದ ‘ಒಳಗ ಬಾರಪ್ಪ, ಮನಿ ನಿಂದು’ ಅಂತೀನಿ, ಅಷ್ಟರಾಗ ನೀವು...”