ಅಪ್ಪ ಬಿಟ್ಟುಕೊಟ್ಟ ಎಲೆ

ಮಾರ್ಚ್ ೧೧, ಮಂಗಳವಾರ

ಅಪ್ಪ ಇವತ್ತು ತನ್ನ ಕಾಮಾಲೆ ಮದ್ದಿನ ಎಲೆಯ ಹೆಸರು ಬಾಯಿಬಿಟ್ಟ. ಬಿಡಿಸಿದವಳು ನಾನೇ.

ನಮ್ಮ ಕಾಡಿನ ಜನ ಅವನ ಕೈಗುಣ ನಂಬಿದವರು. ಮದ್ದಿನ ಹೆಸರು ಹೇಳಿದರೆ ಹೇಳಿದವರ ಕೈಗುಣ ಹೋಗಿ ಕೇಳಿದವರ ಕೈ ಸೇರುತ್ತದೆ ಅನ್ನುವುದು ನಮ್ಮಲ್ಲಿಯ ಕಟ್ಟಳೆ. ಅಮ್ಮನಿಗೂ ಹೇಳಿದವನಲ್ಲ.

ಬೆಳಿಗ್ಗೆ ನನ್ನ ವಾರ್ಡಿಗೆ ಬಂದ ಕಾಮಾಲೆಯ ಮಗುವಿಗೆ ಎಚ್ಚರವೇ ಇರಲಿಲ್ಲ. ಅಪ್ಪನ ಮದ್ದು ಕುಡಿದಿತ್ತು.

"ಏನು ಕುಡಿಸಿದಾರೆ ಅಂತ ಗೊತ್ತಾಗದೆ ಯಾವ ಇಂಜೆಕ್ಷನ್ ಕೊಡ್ಲಿ ಸಿಸ್ಟರ್?" ಅಂದರು ಡಾಕ್ಟರು.

ಓಡಿಹೋಗಿ ಅಪ್ಪನನ್ನು ಕರೆತಂದೆ. ಮಗುವಿನ ರೆಪ್ಪೆ ಬಿಡಿಸಿ ಹಳದಿ ಕಣ್ಣು ನೋಡಿದ. ಕೊನೆಗೆ ನನ್ನ ಕಿವಿಯಲ್ಲಿ ಹೆಸರು ಹೇಳಿ, "ನಿನ್ನಲ್ಲೇ ಇರ್ಲಿ" ಅಂದು, ತಿರುಗಿ ನೋಡದೆ ಹೊರಟುಹೋದ. ಡಾಕ್ಟರು ಇಂಜೆಕ್ಷನ್ ಕೊಟ್ಟರು. ಮಧ್ಯಾಹ್ನ ಮಗು ಕಣ್ಣು ಬಿಟ್ಟಿತು.

ಸಂಜೆ ಮನೆಗೆ ಮದ್ದು ಕೇಳಿ ಬಂದ ಹೆಂಗಸಿಗೆ ಅಪ್ಪ, "ನನ್ನ ಕೈಲಿ ಇನ್ನೇನೂ ಇಲ್ಲಮ್ಮ. ಮಗಳು ಕೊಡ್ತಾಳೆ" ಅಂದ. ನಾಳೆ ಬಾ ಅಂತ ಸಾಗಹಾಕಿದೆ. ಇದನ್ನೆಲ್ಲ ನಂಬದವಳು ನಾನು. ಆದರೂ ಅಪ್ಪ ನನ್ನ ಅಂಗೈ ನೋಡಿದಾಗ ಸೆರಗಿನೊಳಗೆ ಬಚ್ಚಿಟ್ಟುಕೊಂಡೆ. ಈಗ ಅಡುಗೆಮನೆಯಲ್ಲಿ ಮದ್ದು ಜಜ್ಜುವ ಕುಟ್ಟಾಣಿ ತೊಳೆಯುತ್ತಿದ್ದಾನೆ, ನನಗೋಸ್ಕರ.

ಅವನಿಗೆ ಹೇಗೆ ಹೇಳಲಿ? ಅವನು ವಾರ್ಡಿನ ಬಾಗಿಲು ದಾಟುವ ಮೊದಲೇ ಆ ಹೆಸರನ್ನು ಡಾಕ್ಟರಿಗೆ ಹೇಳಿಬಿಟ್ಟಿದ್ದೆ. ಕಟ್ಟಳೆ ನಿಜವಾದರೆ ಕೈಗುಣ ನನ್ನ ಕೈಯಲ್ಲೂ ನಿಂತಿಲ್ಲ. ಡಾಕ್ಟರು ಚೀಟಿಯಲ್ಲಿ ಬರೆದುಕೊಂಡರು. ಆಮೇಲೆ ನಲ್ಲಿ ತಿರುಗಿಸಿ, ಸೋಪು ಹಾಕಿ, ಕೈಯನ್ನು ಮೊಣಕೈವರೆಗೂ ತೊಳೆದುಕೊಂಡರು.