ನಿನ್ನ ಗಂಡನಿಗೆ ಹೇಳು

ಮಾರ್ಚ್ ೪, ೧೮೮೩. ಬೆಳಿಗ್ಗೆ

ಜೂನಿಪರ್ ಗಿಡದ ಹಿಂದೆ ಅತ್ತೆಯ ಕೆಮ್ಮು. ಬಂಡೆಯ ಕಡೆ ಮುಖ ತಿರುಗಿಸಿ ನಿಂತೆ. ಇವರ ಅಪಾಚೆ ಬುಡಕಟ್ಟಿನಲ್ಲಿ ಅತ್ತೆ ಅಳಿಯ ಒಬ್ಬರನ್ನೊಬ್ಬರು ನೋಡಬಾರದು, ಮಾತಾಡಬಾರದು. ನೋಡಿದರೆ ಕಣ್ಣು ಹೋಗುತ್ತದಂತೆ. ಮದುವೆಯಾಗಿ ಮೂರು ವರ್ಷ... ಆಕೆಯ ಕೆಮ್ಮು ಗೊತ್ತು, ಆಕೆ ಸುಡುವ ಕತ್ತಾಳೆ ಗಡ್ಡೆಯ ರುಚಿ ಗೊತ್ತು. ಮುಖ ಗೊತ್ತಿಲ್ಲ.

ಹೆಂಡತಿ ಚೋನಾ ಬಂದು ಒಪ್ಪಿಸಿದಳು: "ಅಮ್ಮ ಹೇಳ್ತಾಳೆ, ನಿನ್ನ ಗಂಡನಿಗೆ ಹೇಳು, ಹೇಸರಗತ್ತೆ ಥರ ಕಾಲು ಹಾಕ್ತಾನೆ, ವರ್ಷಕ್ಕೆ ಎಷ್ಟು ಜೋಡು ಹೊಲೀಲಿ?"

ಮುದುಕಿಗೆ ನಾಲಿಗೆ ಉದ್ದ. ಆದರೂ ಹೊಲಿಯುತ್ತಿದ್ದಾಳೆ.

ಮಾರ್ಚ್ ೯

ಕಣಿವೆಯಲ್ಲಿ ಅಮೆರಿಕದ ದಂಡಿನ ಧೂಳು. ಸಿಕ್ಕರೆ ಇವರನ್ನೆಲ್ಲ ಹಿಡಿದೊಯ್ಯುತ್ತಾರೆ. ನನಗೆ ನೇಣು — ನಾಲ್ಕು ವರ್ಷದ ಹಿಂದೆ ಅದೇ ದಂಡಿನಲ್ಲಿ ಹೇಸರಗತ್ತೆ ಹೊಡೆಯೋ ಕೆಲಸ ಬಿಟ್ಟು ಓಡಿಬಂದವನು. ಇಂದೇ ಗುಡ್ಡ ದಾಟಬೇಕು. ಅತ್ತೆ ತೊರೆಯಲ್ಲಿ ಜಾರಿ ಕಾಲು ಉಳುಕಿಸಿಕೊಂಡಿದ್ದಾಳೆ, ಹೆಜ್ಜೆ ಊರಲಾಗದು. ಗಂಡಸರೆಲ್ಲ ಕಣಿವೆಯ ಬಾಯಿ ಕಾಯಲು ಹೋಗಿದ್ದಾರೆ. ಚೋನಾಳ ಬೆನ್ನಿಗೆ ಮಗು. ಕುದುರೆ ಆ ದಾರಿ ಹತ್ತುವುದಿಲ್ಲ.

"ಬಿಟ್ಟುಹೋಗಿ ಅಂತಾಳೆ ಅಮ್ಮ," ಎಂದು ಚೋನಾ ಅತ್ತಳು.

"ನಾನು ಹೊರ್ತೀನಿ. ಕಣ್ಣಿಗೆ ಬಟ್ಟೆ ಕಟ್ಕೊಂಡು."

"ಕಣ್ಣು ಕಟ್ಕೊಂಡು ಗುಡ್ಡ ಹತ್ತೋ ಬುದ್ಧಿವಂತ! ಬಟ್ಟೆ ಅವಳಿಗೆ ಹೊದಿಸೋಣ ಕಣೋ."

ಅದೇ ದಿನ, ಸಂಜೆ

ದಾಟಿದೆವು. ಅತ್ತೆ ತಲೆತುಂಬ ಕಂಬಳಿ ಹೊದ್ದು ನನ್ನ ಬೆನ್ನ ಮೇಲೆ. ಅಷ್ಟು ಹಗುರ ಎಂದುಕೊಂಡಿರಲಿಲ್ಲ. ದಾರಿಯುದ್ದಕ್ಕೂ — "ನಿನ್ನ ಗಂಡನಿಗೆ ಹೇಳು, ಮೆಲ್ಲಗೆ." "ನಿನ್ನ ಗಂಡನಿಗೆ ಹೇಳು, ಬೆವರು ನಾರುತ್ತೆ." ಚೋನಾ ಮುಂದೆ ನಡೆಯುತ್ತ ಎಲ್ಲವನ್ನೂ ನನಗೆ ದಾಟಿಸುತ್ತಿದ್ದಳು. ನೆತ್ತಿಯ ಬಳಿ ನನ್ನ ಕಾಲ ಕೆಳಗಿನ ಕಲ್ಲು ಸರಿಯಿತು. ಮಗಳ ಮೂಲಕ ಹೇಳಿಸುವಷ್ಟು ಹೊತ್ತಿರಲಿಲ್ಲ.

"ಎಡಕ್ಕೆ, ಮಗನೇ!"

ನನಗೇ. ನೇರವಾಗಿ. ಎಡಕ್ಕೆ ವಾಲಿದೆ, ಬದುಕಿದೆವು. ಚಿಕ್ಕಂದಿನಿಂದ ನಡೆದ ದಾರಿ, ಆಕೆಗೆ ಕಣ್ಣು ಬೇಕಿಲ್ಲ. ನನ್ನ ತಾಯಿ ಸತ್ತ ಮೇಲೆ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ.

ಮಾರ್ಚ್ ೧೬

ಕೆಮ್ಮು ಕೇಳಿ ಏಳು ದಿನ. ಊಟವೂ ಸೇರುತ್ತಿಲ್ಲವಂತೆ.

"ಅಳಿಯನ ಜೊತೆ ಮಾತಾಡ್ಬಿಟ್ಟೆ, ಮರ್ಯಾದೆ ಹೋಯ್ತು ಅಂತಾಳೆ," ಎಂದಳು ಚೋನಾ. "ಕಾಲು ನೆಟ್ಟಗಾದ್ರೆ ತಂಗಿ ಹತ್ರ ಹೋಗಿ ಇದ್ಬಿಡ್ತಾಳಂತೆ."

"ನನಗೆ ಕಿವಿ ಮಂದ, ಏನೂ ಕೇಳಿಸ್ಲಿಲ್ಲ ಅಂತ ಹೇಳು."

ಸುಳ್ಳು. ಇನ್ನೂ ಕಿವಿಯಲ್ಲೇ ಇದೆ. ಹೋಗದಿರಲಿ ಮುದುಕಿ.

ಮಾರ್ಚ್ ೧೮. ಬೆಳಿಗ್ಗೆ

ಕೆಮ್ಮು! ಬಂಡೆಗೆ ಮುಖ ಮಾಡಿಕೊಂಡೇ ಬರೆಯುತ್ತಿದ್ದೇನೆ. ಹಿಂದೆ ಊರುಗೋಲಿನ ಸದ್ದು. ಹೊಸ ಜೋಡು ಧೊಪ್ಪೆಂದು ಪಕ್ಕಕ್ಕೆ ಬಿತ್ತು.

"ನಿನ್ನ ಗಂಡನಿಗೆ ಹೇಳು, ಹಾಕ್ಕೊಂಡು ನೋಡ್ಲಿ, ಬಿಗಿಯಾಯ್ತಾ ಅಂತ."

ಚೋನಾ ಮಗುವನ್ನು ಎತ್ತಿಕೊಂಡು ತೊರೆಗೆ ಹೋಗಿದ್ದಾಳೆ. ಇಲ್ಲಿ ನಾವಿಬ್ಬರೇ.

ಹಾಕಿಕೊಂಡೆ. ಬಂಡೆಗೇ ಹೇಳಿದೆ: "ಚೋನಾ, ನಿಮ್ಮಮ್ಮನಿಗೆ ಹೇಳು, ಜೋಡು ಸರಿಯಾಗಿದೆ, ತಂಗಿ ಹತ್ರ ಹೋಗೋದು ಬೇಡ."